ಮೂಗರ್ಜಿ ಬರೆದವರೆಲ್ಲ ಹೇಡಿಗಳೇ?

ಕಳೆದ ತಿಂಗಳು ನಮ್ಮ ಧರ್ಮಕೇಂದ್ರದಲ್ಲಿ ಪಾಲಕರ ಸಭೆಯೊಂದು ಜರುಗಿತು. ಚರ್ಚೆಯ ವಿಷಯ ಮಕ್ಕಳು ಮತ್ತು ಮೊಬೈಲು. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳ ಮುಖವನ್ನು ಯಾರೋ ಅಶ್ಲೀಲ ಚಿತ್ರವೊಂದಕ್ಕೆ ಅಂಟಿಸಿ, ಸುಳ್ಳು ಹೆಸರಿನ ಖಾತೆಯಿಂದ ಊರೆಲ್ಲ ಹರಡಿದ ಸಂಗತಿ ಅಲ್ಲಿದ್ದ ಎಲ್ಲರ ಮನಸ್ಸನ್ನೂ ಕೊರೆಯುತ್ತಿತ್ತು. ಆಕೆಯ ತಂದೆ ದೂರು ಕೊಡಲು ಹೋದಾಗ, “ಖಾತೆ ಯಾರದೆಂದೇ ಗೊತ್ತಿಲ್ಲವಲ್ಲ, ನೋಡೋಣ” ಎಂಬ ಉತ್ತರ ದೊರೆತಿತ್ತಂತೆ. ಕೊನೆಗೆ ಹಿರಿಯರೊಬ್ಬರು ಎದ್ದು ನಿಂತರು. “ಆಧಾರ್ ಸಂಖ್ಯೆ ಕೊಡದೆ ಯಾರಿಗೂ ಜಾಲತಾಣದಲ್ಲಿ ಖಾತೆ ತೆರೆಯಲು ಬಿಡಬಾರದು. ಹೆಸರು ಹೇಳಲು ಅಂಜುವವನಿಗೆ ಮಾತನಾಡುವ ಹಕ್ಕು ಎಲ್ಲಿಂದ ಬಂತು?” ಎಂದು ಗುಡುಗಿದರು. ಸಭಾಂಗಣ ಚಪ್ಪಾಳೆಯಿಂದ ತುಂಬಿತು.

ಆ ಚಪ್ಪಾಳೆಯ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ಆದರೂ ನಾನು ಕೈಕಟ್ಟಿ ಕುಳಿತೆ. ಹಿರಿಯರ ಮಾತು ಕೇಳಲು ನ್ಯಾಯವಾಗಿದೆ. ಆಚರಣೆಗೆ ಬಂದರೆ ಅದು ಅದೇ ಹುಡುಗಿಗೆ ಇನ್ನಷ್ಟು ಕೇಡು ಮಾಡೀತು ಎಂಬುದು ನನ್ನ ಖಚಿತ ಅಭಿಪ್ರಾಯ. ಸಭೆಯಲ್ಲಿ ಹೇಳಲಾಗದ್ದನ್ನು ಈ ಪುಟಗಳಲ್ಲಿ ಹೇಳಲು ಅಪ್ಪಣೆ ಬೇಡುತ್ತೇನೆ.

ನಷ್ಟವನ್ನು ಮುಚ್ಚಿಡಬೇಕಾಗಿಲ್ಲ

ಮೊದಲಿಗೆ ಎದುರು ಪಕ್ಷದ ವಾದವನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳೋಣ. ಅನಾಮಿಕತೆಯಿಂದ ಸಮಾಜಕ್ಕೆ ಆಗುವ ಹಾನಿ ಸಣ್ಣದಲ್ಲ. ಮುಖಕ್ಕೆ ಮುಖ ಕೊಟ್ಟು ಆಡಲಾಗದ ಮಾತನ್ನು ಮನುಷ್ಯ ಕತ್ತಲಲ್ಲಿ ನಿಂತು ಸಲೀಸಾಗಿ ಆಡುತ್ತಾನೆ. ಎದುರಿನವರ ಕಣ್ಣೀರು ಕಾಣದಾಗ ಅವನ ನಾಲಿಗೆಗೆ ಕಡಿವಾಣವಿರುವುದಿಲ್ಲ. ಒಂದು ಸುಳ್ಳಿನಿಂದ ನಿಶ್ಚಯವಾಗಿದ್ದ ಮದುವೆ ಮುರಿಯುತ್ತದೆ. ಒಬ್ಬ ಶಿಕ್ಷಕನ ಜೀವಮಾನದ ಗೌರವ ಒಂದು ಸಂಜೆಯಲ್ಲಿ ಮಣ್ಣುಪಾಲಾಗುತ್ತದೆ. ಕಳೆದುಕೊಂಡ ಹಣವನ್ನು ಮತ್ತೆ ಗಳಿಸಬಹುದು, ಕಳೆದುಕೊಂಡ ಒಳ್ಳೆಯ ಹೆಸರನ್ನು ಗಳಿಸುವುದು ಬಹಳ ಕಷ್ಟ.

ಈ ಕೇಡು ಅಂತರ್ಜಾಲದೊಂದಿಗೆ ಹುಟ್ಟಿದ್ದೂ ಅಲ್ಲ. 1860ರ ಭಾರತೀಯ ದಂಡ ಸಂಹಿತೆಯ 507ನೆಯ ಕಲಮು, ಹೆಸರು ಮರೆಮಾಚಿ ಬೆದರಿಕೆ ಹಾಕುವವನಿಗೆ ಸಾಮಾನ್ಯ ಬೆದರಿಕೆಯ ಶಿಕ್ಷೆಯ ಮೇಲೆ ಇನ್ನೂ ಎರಡು ವರ್ಷಗಳವರೆಗಿನ ಸೆರೆಮನೆಯನ್ನು ವಿಧಿಸಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು 351ನೆಯ ಕಲಮಿನಲ್ಲಿ ಉಳಿಸಿಕೊಂಡಿದೆ. ಅಂಚೆಯ ಕಾಲದಲ್ಲೇ ನಮ್ಮ ಕಾನೂನು ಈ ಅಪರಾಧವನ್ನು ಗುರುತಿಸಿತ್ತು. ಆದರೆ ಅದು ಅಪರಾಧವೆಂದು ಕರೆದದ್ದು ಬೆದರಿಕೆಯನ್ನು, ಹೆಸರು ಬರೆಯದಿರುವುದನ್ನಲ್ಲ. ಈ ಸೂಕ್ಷ್ಮವನ್ನು ಅಂದಿನವರು ಬಲ್ಲವರಾಗಿದ್ದರು, ನಾವು ಮರೆಯುತ್ತಿದ್ದೇವೆ.

ಹರಿದು ಹಾಕಿದ ಒಂದು ಕಾಗದ

ಇಲ್ಲಿ ನನ್ನದೇ ಒಂದು ತಪ್ಪನ್ನು ನಿವೇದಿಸಬೇಕಾಗಿದೆ. ಶಾಲೆಗಳಲ್ಲಿ ಬಿಸಿಯೂಟ ಆರಂಭವಾದ ಕೆಲವು ವರ್ಷಗಳ ಬಳಿಕ ನಾನು ಒಂದು ಹಳ್ಳಿಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದೆ. ಒಂದು ಬೆಳಿಗ್ಗೆ ನನ್ನ ಮೇಜಿನ ಮೇಲೆ ಮಡಚಿದ ಕಾಗದವೊಂದು ಬಿದ್ದಿತ್ತು. ಮಕ್ಕಳ ಅಕ್ಕಿ ಮೂಟೆ ಮೂಟೆಯಾಗಿ ಸಂಜೆ ಹೊರಗೆ ಹೋಗುತ್ತಿದೆ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಸಹಿಯಿರಲಿಲ್ಲ. ‘ಸಹಿಯಿಲ್ಲದ ಕಾಗದವನ್ನು ನಾನು ಓದುವುದಿಲ್ಲ’ ಎಂಬುದು ನನ್ನ ಹೆಮ್ಮೆಯ ನಿಯಮವಾಗಿತ್ತು. ಮೂಗರ್ಜಿ ಬರೆಯುವವರೆಲ್ಲ ಹೇಡಿಗಳೆಂದು ಅದನ್ನು ಹರಿದು ಬುಟ್ಟಿಗೆ ಹಾಕಿದೆ.

ಏಳೆಂಟು ತಿಂಗಳ ನಂತರ ತಪಾಸಣೆ ನಡೆದು ಕಳವು ಬಯಲಾಯಿತು. ಕಾಗದ ಬರೆದವರು ಅಡುಗೆ ಸಹಾಯಕಿಯೊಬ್ಬರು. ಗಂಡನನ್ನು ಕಳೆದುಕೊಂಡು, ಎರಡು ಮಕ್ಕಳನ್ನು ಆ ಅಲ್ಪ ಸಂಬಳದಲ್ಲೇ ಸಾಕುತ್ತಿದ್ದ ತಾಯಿ. “ಸರ್, ಹೆಸರು ಬರೆದಿದ್ದರೆ ಮಾರನೆಯ ದಿನವೇ ನನ್ನನ್ನು ಕೆಲಸದಿಂದ ತೆಗೀತಿದ್ರು. ನೀವು ಅಕ್ಕಿಯನ್ನು ತೂಗಿಸಿ ನೋಡ್ತೀರಿ ಅಂದ್ಕೊಂಡಿದ್ದೆ” ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಆ ಕಾಗದ ನಿಜವೇ ಸುಳ್ಳೇ ಎಂದು ತಿಳಿಯಲು ಬರೆದವರ ಹೆಸರು ಬೇಕಿರಲಿಲ್ಲ, ತಕ್ಕಡಿಯೊಂದು ಸಾಕಿತ್ತು. ಅಂದು ಅಂಜಿದವರು ಆ ತಾಯಿಯಲ್ಲ. ವಿಚಾರಿಸುವ ತೊಂದರೆಯನ್ನು ತಪ್ಪಿಸಿಕೊಳ್ಳಲು ನಿಯಮದ ಹಿಂದೆ ಅಡಗಿ ಕುಳಿತವನು ನಾನು.

ಗುರಾಣಿ ಯಾರ ಕೈಯಲ್ಲಿದೆ?

ಹೆಸರು ಹೇಳುವ ಧೈರ್ಯವನ್ನು ನಾವು ಹೊಗಳುತ್ತೇವೆ. ಆದರೆ ಧೈರ್ಯದ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಶ್ರೀಮಂತನಿಗೆ, ಅಧಿಕಾರಿಗೆ ತನ್ನ ಹೆಸರೇ ರಕ್ಷಣೆ. ಕೂಲಿಯವನಿಗೆ, ಬಾಡಿಗೆಮನೆಯ ವಿಧವೆಗೆ, ಹೊಡೆಯುವ ಗಂಡನೊಂದಿಗೆ ಬಾಳುವ ಹೆಂಗಸಿಗೆ ಹೆಸರು ಹೇಳಿದೊಡನೆ ಅದೇ ಅಪಾಯ.

ಸತ್ಯೇಂದ್ರ ದುಬೆಯವರ ಕಥೆ ಹಲವರಿಗೆ ನೆನಪಿರಬಹುದು. ಕಾನ್ಪುರದ ಐ.ಐ.ಟಿ.ಯಲ್ಲಿ ಓದಿ, ಸುವರ್ಣ ಚತುಷ್ಪಥ ಹೆದ್ದಾರಿ ಯೋಜನೆಯಲ್ಲಿ ಇಂಜಿನಿಯರಾಗಿದ್ದ ಈ ಯುವಕ, ಕಾಮಗಾರಿಯ ಭ್ರಷ್ಟಾಚಾರವನ್ನು ವಿವರಿಸಿ 2002ರಲ್ಲಿ ಪ್ರಧಾನಮಂತ್ರಿಗಳಿಗೆ ಪತ್ರ ಬರೆದರು. ಹೆಸರನ್ನು ಮುಚ್ಚಿಡಲಿಲ್ಲ; ಗೌಪ್ಯವಾಗಿಡಬೇಕೆಂದು ಮಾತ್ರ ಕೋರಿಕೊಂಡರು. ಆ ಪತ್ರ ಹೆಸರಿನ ಸಮೇತ ಕಛೇರಿಯಿಂದ ಕಛೇರಿಗೆ ಸಂಚರಿಸಿತು. 2003ರ ನವೆಂಬರ್ 27ರ ಮುಂಜಾನೆ ಗಯಾ ನಗರದಲ್ಲಿ ಅವರು ಗುಂಡೇಟಿಗೆ ಬಲಿಯಾದರು. ಕೊಲೆ ದರೋಡೆಗಾಗಿ ನಡೆಯಿತೆಂದು ತನಿಖಾ ಸಂಸ್ಥೆ ಹೇಳಿತು. 2010ರಲ್ಲಿ ಮೂವರಿಗೆ ಶಿಕ್ಷೆಯಾಯಿತು. ಕೊಲೆಯ ಕಾರಣ ಏನೇ ಇರಲಿ, ಒಬ್ಬ ಪ್ರಾಮಾಣಿಕ ವ್ಯಕ್ತಿಯ ಹೆಸರನ್ನು ಕಾಪಾಡಲು ಈ ದೇಶದ ಅತ್ಯುನ್ನತ ಕಛೇರಿಗೂ ಆಗಲಿಲ್ಲ ಎಂಬುದಂತೂ ಸತ್ಯ. ಆ ನಂತರ 2004ರಲ್ಲಿ ದೂರುದಾರರ ಗುರುತನ್ನು ಗೌಪ್ಯವಾಗಿಡುವ ಹೊಣೆಯನ್ನು ಕೇಂದ್ರ ಜಾಗೃತ ಆಯೋಗಕ್ಕೆ ವಹಿಸಲಾಯಿತು. 2014ರಲ್ಲಿ ಇದಕ್ಕಾಗಿಯೇ ಅಂಗೀಕಾರವಾದ ಕಾಯಿದೆಯಾದರೋ, ಹತ್ತು ವರ್ಷ ಉರುಳಿದರೂ ಜಾರಿಯಾಗದೆ ಉಳಿಯಿತು.

ನಮ್ಮ ಕಾನೂನೇ ಹಲವೆಡೆ ಹೆಸರಿನ ಮೇಲೆ ಪರದೆ ಎಳೆಯುತ್ತದೆ. ಅತ್ಯಾಚಾರಕ್ಕೆ ಒಳಗಾದವರ ಹೆಸರನ್ನು ಪ್ರಕಟಿಸುವುದು 1983ರಿಂದಲೇ ಅಪರಾಧ. 2019ರಲ್ಲಿ ಕೇಂದ್ರ ಸರ್ಕಾರ ತೆರೆದ ಸೈಬರ್ ಅಪರಾಧ ದೂರು ತಾಣದಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳ ಬಗ್ಗೆ ಹೆಸರು ಹೇಳದೆಯೇ ದೂರು ಸಲ್ಲಿಸುವ ಅವಕಾಶವನ್ನು ಕಲ್ಪಿಸಲಾಯಿತು. ಇನ್ನು 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಇಬ್ಬರು ಕುಡುಕರು ಪರಸ್ಪರ ಆಸರೆಯಾಗಿ ಕಟ್ಟಿದ ಅನಾಮಿಕ ಮದ್ಯವ್ಯಸನಿಗಳ ಕೂಟವನ್ನು ನೋಡಿ. ಅದರ ಹೆಸರಲ್ಲೇ ಅನಾಮಿಕತೆಯಿದೆ. ನಮ್ಮ ಎಷ್ಟೋ ಚರ್ಚುಗಳ ಆವರಣದಲ್ಲಿ ಈ ಕೂಟಗಳು ನಡೆಯುತ್ತವೆ. ಅಲ್ಲಿ ಯಾರೂ ಗುರುತಿನ ಚೀಟಿ ಕೇಳುವುದಿಲ್ಲ. ಕೇಳಿದ್ದರೆ ಮೊದಲ ದಿನ ಎಷ್ಟು ಮಂದಿ ಒಳಗೆ ಕಾಲಿಡುತ್ತಿದ್ದರು? ಪಾಪನಿವೇದನೆಯ ಪೀಠದ ಜಾಲರಿಯನ್ನೂ ಧರ್ಮಸಭೆ ಸುಮ್ಮನೆ ಉಳಿಸಿಕೊಂಡಿಲ್ಲ. ಮುಖ ಮರೆಯಾದಾಗ ಮಾತ್ರ ಹೊರಬರುವ ಸತ್ಯಗಳೂ ಇವೆ ಎಂಬ ತಿಳುವಳಿಕೆ ಅದರಲ್ಲಿದೆ.

ಇಂದು ಖಿನ್ನತೆಯಿಂದ ನರಳುವ ಯುವಕ, ಮನೆಯವರಿಂದಲೇ ಕಿರುಕುಳಕ್ಕೆ ಒಳಗಾದ ಬಾಲಕಿ, ಗುಣವಾಗದ ರೋಗವನ್ನು ಹೊತ್ತ ತಾಯಿ ಮೊದಲ ಬಾರಿಗೆ ತಮ್ಮ ದುಃಖವನ್ನು ತೋಡಿಕೊಳ್ಳುವುದು ಬಹುಮಟ್ಟಿಗೆ ಅಂತರ್ಜಾಲದಲ್ಲಿ, ಸುಳ್ಳು ಹೆಸರಿನಲ್ಲಿ. ಆ ಬಾಗಿಲನ್ನು ಮುಚ್ಚಿ ನಾವು ಸಾಧಿಸುವುದೇನು?

ಕೊರಿಯಾ ಕಲಿತ ಪಾಠ

ಕಡ್ಡಾಯ ಹೆಸರಿನ ನಿಯಮವನ್ನು ಪ್ರಯೋಗಿಸಿ ನೋಡಿದ ದೇಶವೊಂದಿದೆ. ದಕ್ಷಿಣ ಕೊರಿಯಾ 2007ರಲ್ಲಿ ದೊಡ್ಡ ಜಾಲತಾಣಗಳಲ್ಲಿ ಬರೆಯುವವರೆಲ್ಲ ತಮ್ಮ ನಿಜವಾದ ಗುರುತನ್ನು ಮೊದಲು ದೃಢಪಡಿಸಬೇಕೆಂದು ವಿಧಿಸಿತು. ನಮ್ಮ ಹಿರಿಯರು ಕೇಳಿದ್ದೂ ಇದನ್ನೇ. ಫಲವೇನಾಯಿತು? ನಿಯಮ ಬಂದ ಮರುವರ್ಷ, 2008ರ ಅಕ್ಟೋಬರ್‌ನಲ್ಲಿ, ಖ್ಯಾತ ನಟಿ ಚೋಯ್ ಜಿನ್-ಸಿಲ್ ಅಂತರ್ಜಾಲದ ಅಪಪ್ರಚಾರದಿಂದ ನೊಂದು ಆತ್ಮಹತ್ಯೆ ಮಾಡಿಕೊಂಡರು. ಗುರುತು ದೃಢಪಡಿಸಿದರೂ ನಿಂದಕರ ನಾಲಿಗೆ ತಣ್ಣಗಾಗಲಿಲ್ಲ. 2011ರ ಜುಲೈನಲ್ಲಿ ಆ ದೇಶದ ಪ್ರಮುಖ ಜಾಲತಾಣಗಳೆರಡಕ್ಕೆ ಕನ್ನ ಬಿದ್ದು ಸುಮಾರು 3.5 ಕೋಟಿ ಬಳಕೆದಾರರ ವಿವರಗಳು ಸೋರಿಹೋದವು. ಆ ದೇಶದ ಒಟ್ಟು ಜನಸಂಖ್ಯೆಯೇ ಸುಮಾರು 5 ಕೋಟಿ! 2012ರ ಆಗಸ್ಟ್ 23ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಒಮ್ಮತದಿಂದ ಆ ನಿಯಮವನ್ನು ರದ್ದುಪಡಿಸಿತು. ನಿಯಮದಿಂದ ಕಾನೂನುಬಾಹಿರ ಬರಹಗಳು ಗಣನೀಯವಾಗಿ ಇಳಿದಿಲ್ಲ, ಜನರು ವಿದೇಶೀ ತಾಣಗಳಿಗೆ ವಲಸೆ ಹೋಗಿದ್ದಾರೆ ಎಂಬುದು ನ್ಯಾಯಾಲಯದ ಕಾರಣಗಳಲ್ಲಿ ಸೇರಿತ್ತು.

ನಮ್ಮ ಸಭೆಯ ಹುಡುಗಿಯನ್ನು ಈಗ ನೆನೆಯಿರಿ. ನಾಳೆ ಅವಳೂ ತನ್ನ ಆಧಾರ್ ಸಂಖ್ಯೆ, ವಿಳಾಸ ಕೊಟ್ಟೇ ಖಾತೆ ತೆರೆಯಬೇಕು. ಆ ವಿವರ ಒಮ್ಮೆ ಸೋರಿದರೆ ಅವಳನ್ನು ಕಾಡುವವನಿಗೆ ಅವಳ ಮನೆಯ ದಾರಿಯೂ ಸಿಕ್ಕಂತಾಗುತ್ತದೆ. ಕಳ್ಳನನ್ನು ಹಿಡಿಯಲೆಂದು ಊರಿನ ಎಲ್ಲ ಮನೆಗಳ ಕೀಲಿಕೈಯನ್ನು ಒಂದೇ ಪೆಟ್ಟಿಗೆಯಲ್ಲಿ ಇಟ್ಟಂತೆ ಇದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಾಧೀಶರ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿತು. ಆ ಹಕ್ಕು ಅಪರಾಧಿಗಳಿಗಾಗಿ ಕಾದಿಟ್ಟದ್ದಲ್ಲ. ಇಂತಹ ಹೆಣ್ಣುಮಕ್ಕಳದೂ ಹೌದು.

ಹೆಸರಿದ್ದವರ ಪಾಪ

ಕೆಡುಕೆಲ್ಲ ಹೆಸರಿಲ್ಲದವರಿಂದಲೇ ಬರುತ್ತದೆ ಎಂಬ ನಂಬಿಕೆಯೂ ಪರೀಕ್ಷೆಗೆ ನಿಲ್ಲುವುದಿಲ್ಲ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿ ಗ್ರಾಮದಲ್ಲಿ ನಡೆದುದನ್ನು ಕನ್ನಡಿಗರು ಮರೆಯಬಾರದು. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರ ತಂಡವೊಂದು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಹಂಚಿತು. ಅವರು ಮಕ್ಕಳ ಕಳ್ಳರೆಂಬ ಸುಳ್ಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಬ್ಬಿತು. ತಪ್ಪಿಸಿಕೊಂಡು ಹೊರಟವರನ್ನು ಮುರ್ಕಿಯಲ್ಲಿ ಅಡ್ಡಗಟ್ಟಿದ ಗುಂಪು ಒಬ್ಬ ಯುವ ಇಂಜಿನಿಯರನನ್ನು ಹೊಡೆದು ಕೊಂದಿತು. ಕಾಪಾಡಲು ಬಂದ ಪೊಲೀಸರೂ ಗಾಯಗೊಂಡರು.

ಆ ಸುಳ್ಳನ್ನು ಹರಡಿದವರು ಮುಖವಾಡ ಧರಿಸಿದ್ದರೇ? ಇಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರತಿಯೊಬ್ಬನ ಫೋನ್ ಸಂಖ್ಯೆಯೂ ಕಾಣುತ್ತದೆ. ಅಣ್ಣ ತಮ್ಮನಿಗೆ, ಗೆಳೆಯ ಗೆಳೆಯನಿಗೆ ಕಳುಹಿಸಿದ. ಪರಿಚಿತ ಹೆಸರಿನಿಂದ ಬಂದದ್ದರಿಂದಲೇ ಅದನ್ನು ಜನ ನಂಬಿದರು. ಅದೇ ತಿಂಗಳು ಆ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಿಂತ ಹೆಚ್ಚು ರವಾನಿಸದಂತೆ ಮಿತಿ ಹಾಕಿತು. ಹೆಸರು ಕೇಳಲಿಲ್ಲ, ವೇಗ ತಗ್ಗಿಸಿತು. ರೋಗವೆಲ್ಲಿದೆಯೆಂದು ಅದಕ್ಕೂ ತಿಳಿದಿತ್ತು.

ಪ್ರಿಯ ಓದುಗರೇ, ನಮ್ಮ ಕುಟುಂಬದ ಗುಂಪುಗಳನ್ನೇ ತೆರೆದು ನೋಡೋಣ. ಅಲ್ಲಿ ಬಂದು ಬೀಳುವ ದ್ವೇಷದ ಮಾತು, ನೆರೆಯ ಮನೆಯ ಮಗಳ ಬಗೆಗಿನ ಧ್ವನಿಮುದ್ರಿಕೆ, ಬುಡವಿಲ್ಲದ ಸುದ್ದಿ ಕಳುಹಿಸುವವರು ಯಾರು? ಚಿಕ್ಕಪ್ಪ, ಅತ್ತೆ, ಭಾವ, ನಾವೇ. ನಮ್ಮ ಹೆಸರೂ ಭಾವಚಿತ್ರವೂ ಅದರ ಪಕ್ಕದಲ್ಲೇ ನಗುತ್ತಿರುತ್ತವೆ.

ಕೊರತೆ ಇರುವುದು ಇಚ್ಛಾಶಕ್ತಿಯಲ್ಲಿ

‘ಖಾತೆ ಯಾರದೆಂದು ತಿಳಿಯದು’ ಎಂಬ ಉತ್ತರ ಎಷ್ಟು ನಿಜ? 2021ರ ಜುಲೈನಲ್ಲಿ ಮುಸ್ಲಿಂ ಮಹಿಳೆಯರ ಭಾವಚಿತ್ರಗಳನ್ನು ಕದ್ದು, ಅವರನ್ನು ಹರಾಜಿಗಿಟ್ಟಂತೆ ತೋರಿಸುವ ಆ್ಯಪ್ ಒಂದು ಪ್ರಕಟವಾಯಿತು. ಅದರ ಹೆಸರೇ ಬೈಗುಳವಾದ್ದರಿಂದ ಇಲ್ಲಿ ಬರೆಯಲಾರೆ. ದೂರು ದಾಖಲಾದರೂ ಆರು ತಿಂಗಳು ಒಬ್ಬನೂ ಬಂಧಿತನಾಗಲಿಲ್ಲ. 2022ರ ಜನವರಿ 1ರಂದು ಅದೇ ಬಗೆಯ ಎರಡನೆಯ ಆ್ಯಪ್ ಬಂತು. ಅದರ ಹಿಂದಿದ್ದವರು ಸಿಖ್ಖರ ಹೆಸರುಗಳ ಮರೆಯಲ್ಲಿ ಅಡಗಿದ್ದರು. ಈ ಬಾರಿ ದೇಶವೇ ಕೂಗೆದ್ದಿತು. ಒಂದು ವಾರದೊಳಗೆ ಬೆಂಗಳೂರು, ಉತ್ತರಾಖಂಡ, ಅಸ್ಸಾಂಗಳಲ್ಲಿ ಆರೋಪಿಗಳು ಸಿಕ್ಕಿಬಿದ್ದರು, ಹೆಚ್ಚಿನವರು ವಿದ್ಯಾರ್ಥಿಗಳು. ಬೆನ್ನಿಗೇ ಮೊದಲ ಆ್ಯಪ್‌ನ ಆರೋಪಿಯೂ ಇಂದೋರಿನಲ್ಲಿ ಬಂಧಿತನಾದ.

ಅದೇ ಕಾನೂನು, ಅದೇ ತಂತ್ರಜ್ಞಾನ, ಅದೇ ಸುಳ್ಳು ಹೆಸರು. ಆರು ತಿಂಗಳಲ್ಲಿ ಆಗದ್ದು ಆರು ದಿನಗಳಲ್ಲಿ ಆದದ್ದು ಹೇಗೆ? ಅಂತರ್ಜಾಲದಲ್ಲಿ ನಡೆದವನ ಹೆಜ್ಜೆಗುರುತು ಸಾಮಾನ್ಯವಾಗಿ ಎಲ್ಲೋ ಒಂದೆಡೆ ಉಳಿದೇ ಇರುತ್ತದೆ: ಸಂಪರ್ಕ ಒದಗಿಸಿದ ಕಂಪನಿಯಲ್ಲಿ, ಖಾತೆಗೆ ಕೊಟ್ಟ ಮೊಬೈಲ್ ಸಂಖ್ಯೆಯಲ್ಲಿ. ಬೇಕಾದದ್ದು ಅದನ್ನು ಹಿಂಬಾಲಿಸುವ ಮನಸ್ಸು. ಪ್ರಭಾವಿಗಳ ಮಗಳಿಗಾದಾಗ ತೆರೆಯುವ ಕಣ್ಣು ಬಡವನ ಮಗಳಿಗಾದಾಗ ಮುಚ್ಚಿದ್ದರೆ, ಅದಕ್ಕೆ ಅನಾಮಿಕತೆಯನ್ನು ದೂರುವುದು ನೆಪ ಮಾತ್ರ. ನಾನು ಅಂದು ನಿಯಮದ ಹಿಂದೆ ಅಡಗಿದಂತೆ, ವ್ಯವಸ್ಥೆ ಇಂದು ಈ ನೆಪದ ಹಿಂದೆ ಅಡಗುತ್ತಿದೆ.

ಮೈಸೂರಿನ ಶಾಯಿ ಹೇಳುವ ಮಾತು

ಹಾಗಾದರೆ ದಾರಿಯೇನು? ದಾರಿ ನಮಗೆ ಹೊಸದಲ್ಲ. ಮತಗಟ್ಟೆಗೆ ಹೋದಾಗ ನಮ್ಮ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ. ಪಟ್ಟಿಯಲ್ಲಿ ಗುರುತು ಹಾಕುತ್ತಾರೆ. 1962ರಿಂದ ಮೈಸೂರಿನ ಕಾರ್ಖಾನೆಯಲ್ಲೇ ತಯಾರಾಗುತ್ತಿರುವ ಅಳಿಸಲಾಗದ ಶಾಯಿಯನ್ನು ಬೆರಳಿಗೆ ಹಚ್ಚುತ್ತಾರೆ. ಅಷ್ಟರವರೆಗೆ ಎಲ್ಲವೂ ಬಹಿರಂಗ. ಮರುಕ್ಷಣವೇ ನಾವು ಪರದೆಯ ಹಿಂದೆ ಸರಿಯುತ್ತೇವೆ. ಯಾರಿಗೆ ಮತ ಹಾಕಿದೆವೆಂದು ಕೇಳುವ ಅಧಿಕಾರ ಜಮೀನ್ದಾರನಿಗೂ ಇಲ್ಲ, ಮಂತ್ರಿಗೂ ಇಲ್ಲ. ಆ ಪರದೆಯಿಲ್ಲದಿದ್ದರೆ ಬಡವನ ಮತ ಅವನದಾಗಿ ಉಳಿಯುತ್ತಿತ್ತೇ? ಹೊಣೆಗಾರಿಕೆಯೂ ಮರೆಯೂ ಒಟ್ಟಿಗೆ ಇರಬಲ್ಲವು ಎಂಬುದನ್ನು ಈ ದೇಶ ಮೊದಲ ಮಹಾಚುನಾವಣೆಯಿಂದಲೇ ಬಲ್ಲದು.

ಅಂತರ್ಜಾಲಕ್ಕೂ ಬೇಕಾದದ್ದು ಇಂತಹ ವಿವೇಕ. ಹೆಸರು ಮರೆಸಿ ಬರೆಯುವುದು ಅಪರಾಧವಾಗಬಾರದು. ಬರೆದದ್ದು ಅಪರಾಧವಾದಾಗ ಮರೆ ಉಳಿಯಬಾರದು. ಆ ಪರದೆಯನ್ನು ಸರಿಸುವ ಅಧಿಕಾರ ನ್ಯಾಯಾಲಯದ ಆದೇಶಕ್ಕೆ ಇರಬೇಕು; ಸಿಟ್ಟುಗೊಂಡ ಗುಂಪಿಗೂ, ಟೀಕೆಯಿಂದ ನೊಂದ ರಾಜಕಾರಣಿಗೂ ಇರಕೂಡದು. ಆದೇಶ ದೊರೆತ ಮೇಲೆ ಕಂಪನಿ ವಿಳಂಬಿಸುವಂತಿಲ್ಲ. ದೂರು ಬಂದ ಮೇಲೆ ಠಾಣೆ ‘ನೋಡೋಣ’ ಎನ್ನುವಂತಿಲ್ಲ. ಅಶ್ಲೀಲವಾಗಿ ತಿರುಚಿದ ಚಿತ್ರವನ್ನು ತೆಗೆಯಲು ಆರೋಪಿಯ ಹೆಸರು ಸಿಗುವವರೆಗೆ ಕಾಯಬೇಕಾಗಿಯೂ ಇಲ್ಲ. ನಾವು ಬೀದಿಗಿಳಿದು ಕೇಳಬೇಕಾದದ್ದು ಇವನ್ನು, ಆಧಾರ್ ಜೋಡಣೆಯನ್ನಲ್ಲ.

ಧರ್ಮಕೇಂದ್ರಗಳೂ ಕೈಕಟ್ಟಿ ಕೂರಬೇಕಾಗಿಲ್ಲ. ನೊಂದವರು ಹೆಸರು ಹೇಳಿಯೋ ಹೇಳದೆಯೋ ಬಂದು ಮಾತನಾಡಬಹುದಾದ ಇಬ್ಬರು ನಂಬಿಗಸ್ತರನ್ನು, ಒಬ್ಬರು ಮಹಿಳೆಯಾಗಿರುವಂತೆ, ನೇಮಿಸಬಹುದು. ಅಂತಹ ತಂದೆಯೊಂದಿಗೆ ಠಾಣೆಗೆ ನಾಲ್ಕು ಜನ ಜೊತೆಗೂಡಿ ಹೋಗಬಹುದು. ಮನೆಗಳಲ್ಲಿ ಒಂದೇ ಒಂದು ನಿಯಮ ಸಾಕು: ನಿಜವೆಂದು ಗೊತ್ತಿಲ್ಲದ್ದನ್ನು, ಎದುರಿಗೆ ನಿಂತು ಹೇಳಲಾಗದ್ದನ್ನು ಮುಂದಕ್ಕೆ ಕಳುಹಿಸಬೇಡಿ.

ಕಡೆಯದಾಗಿ ನಮ್ಮ ಹಿರಿಯರಿಗೆ ವಿನಯದಿಂದ ಒಂದು ಮಾತು. ಆ ಹುಡುಗಿಯ ಚಿತ್ರವನ್ನು ಹುಟ್ಟಿಸಿದವನು ಒಬ್ಬ ಅನಾಮಿಕ, ನಿಜ. ಅದನ್ನು ಊರ ತುಂಬ ಹಂಚಿದವರು ಮಾತ್ರ ಹೆಸರುಳ್ಳವರು; ಅವರಲ್ಲಿ ಕೆಲವರು ಅಂದು ನಮ್ಮ ಸಭೆಯಲ್ಲೇ ಕುಳಿತು ಚಪ್ಪಾಳೆ ತಟ್ಟಿದರೋ ಏನೋ. ನಾನಾದರೋ, ಆ ಅಡುಗೆ ಸಹಾಯಕಿಯ ಕಾಗದವನ್ನು ಹರಿದ ಕೈಯಿಂದ ಚಪ್ಪಾಳೆ ತಟ್ಟಲಾರದೆ ಕುಳಿತಿದ್ದೆ. ಸಹಿಯಿಲ್ಲದ ಕಾಗದ ಇನ್ನೊಮ್ಮೆ ನನ್ನ ಕೈಸೇರಿದರೆ ಬರೆದವರು ಯಾರೆಂದು ಹುಡುಕಲು ಹೋಗುವುದಿಲ್ಲ. ಮೊದಲು ಅಕ್ಕಿಯನ್ನು ತೂಗಿ ನೋಡುತ್ತೇನೆ.